ಹುಣ್ಣಿಮೆಯ ಏಡಿ, ಬಾಗಲೂರಿನ ಬೀಗರೂಟ

ಮೂಗು ಮುಚ್ಚಿಕೊಳ್ಳುವವರು ಮೀನಿನ ಕೆಲಸಕ್ಕೆ ಬರಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿಯ ಸೊಸೆಯೂ ಅವಳ ಗೆಳತಿಯರೂ ಸೇರಿ ಫೋನಿನಲ್ಲೇ ಆರ್ಡರ್ ಹಿಡಿದು ಮನೆಮನೆಗೆ ಮೀನು ಕಳಿಸುವ ವ್ಯಾಪಾರ ಶುರು ಮಾಡಿದ್ದಾರೆ. ಕೈಗೆ ಗ್ಲೌಸು, ತಲೆಗೆ ಟೋಪಿ. "ದೊಡ್ಡತ್ತೆ, ನಿಮ್ಗೆ ಗೊತ್ತಿರೋದನ್ನ ಬರ್ದು ಕೊಡಿ" ಎಂದು ಗಂಟುಬಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಯಲಹಂಕದ ಹಳೇ ಪೇಟೆಯಲ್ಲಿ ಹಲಗೆ ಹಾಕಿಕೊಂಡು ಮೀನು ಮಾರಿದೆ. ಮಂಡಿನೋವು ಹಿಡಿದುಕೊಂಡ ಮೇಲೆ ಬಿಟ್ಟೆ. ಚೆಂದ ಮಾಡಿ ಹೇಳಲು ಬರುವುದಿಲ್ಲ. ಇದ್ದದ್ದನ್ನು ಹೇಳುತ್ತೇನೆ.

ಮೀನಿನ ಹೊಟ್ಟೆ ಸೀಳುವುದು, ಪೊರೆ ಕೆರೆಯುವುದು, ಕಿವಿರು ನೋಡಿ ಹಳೆಯದೋ ಹೊಸದೋ ಹೇಳುವುದು, ಇವನ್ನೆಲ್ಲ ಬೇಗ ಕಲಿಯುತ್ತೀರಿ. ಬೇಗ ಬಾರದ್ದು ಚಂದ್ರನ ಲೆಕ್ಕ. ನಗಬೇಡಿ. ಸಮುದ್ರ ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ನಾನು ಇವತ್ತಿನವರೆಗೂ ಅದನ್ನು ಕಣ್ಣಿನಿಂದ ನೋಡಿಲ್ಲ. ಆದರೂ ನನ್ನ ಹಲಗೆಯ ಮೇಲೆ ಯಾವತ್ತು ಏನು ಬೀಳಬೇಕು ಎಂದು ತೀರ್ಮಾನ ಮಾಡುತ್ತಿದ್ದವನು ಚಂದ್ರ.

ನನಗೆ ಮೇಲಧಿಕಾರಿ ಎಂದು ಇದ್ದವಳು ನಮ್ಮತ್ತೆ ಒಬ್ಬಳೇ. ಬೈಯುವುದರಲ್ಲಿ ಯಾವ ಸಾಹೇಬನಿಗೂ ಕಮ್ಮಿಯಿರಲಿಲ್ಲ. ಅವಳ ಕಾಲದಲ್ಲಿ ಎಲ್ಲ ಕೆರೆ ಮೀನು. ಯಲಹಂಕ ಕೆರೆಯದು, ಹೆಬ್ಬಾಳ ಕೆರೆಯದು. ಕಾಟ್ಲ, ಜಿಲೇಬಿ, ಕೊರಮೀನು. ಕೊರಮೀನನ್ನು ಬಕೆಟ್ ನೀರಿನಲ್ಲಿ ಬಿಟ್ಟು ಜೀವಂತ ತೋರಿಸಿ ಮಾರಬೇಕು. ಬಾಲ ಬಡಿಯದ ಮೀನನ್ನು ನಮ್ಮ ಕಡೆಯ ಗಿರಾಕಿ ಮುಟ್ಟುತ್ತಿರಲಿಲ್ಲ. ಆಮೇಲೆ ಕೆರೆಗಳಿಗೆ ಕೊಳಚೆ ಸೇರಿತು, ಮೀನು ಕಮ್ಮಿಯಾಯಿತು, ಯಶವಂತಪುರಕ್ಕೆ ಮಂಗಳೂರು ಕಡೆಯಿಂದ ಐಸ್ ತುಂಬಿದ ಪೆಟ್ಟಿಗೆಗಳು ಬರತೊಡಗಿದವು. ನಾನು ಮೊದಲ ಪೆಟ್ಟಿಗೆ ಬಂಗುಡೆ ಹೊತ್ತು ತಂದ ದಿನ ನಮ್ಮತ್ತೆ ಮುಚ್ಚಳ ತೆಗೆದು ನೋಡಿ, "ಇವು ಸತ್ತು ಎಷ್ಟು ದಿನ ಆಯ್ತೆ?" ಎಂದಳು. ನಾನು ನೀರು ಕುಡಿದು ಬರುವುದರೊಳಗೆ ಅಷ್ಟನ್ನೂ ಬಕೆಟ್ಟಿಗೆ ಸುರಿದಿದ್ದಳು. ನೀರು ಕಂಡರೆ ಚೇತರಿಸಿಕೊಳ್ಳುತ್ತವೆ ಎಂಬ ಆಸೆ. ಮಧ್ಯಾಹ್ನದ ಹೊತ್ತಿಗೆ ಬಂಗುಡೆಗಳು ನೆನೆದ ರಟ್ಟಿನಂತಾದವು. ಬೀದಿ ಬೆಕ್ಕು ಕೂಡ ಯೋಚನೆ ಮಾಡಿ ತಿಂದಿತು.

ಹುಣ್ಣಿಮೆಗೆ ಏಡಿ ಮಾರಬಾರದು ಎನ್ನುವುದನ್ನು ನನಗೆ ಕಲಿಸಿದ್ದು ಒಬ್ಬ ಬಂಗಾಳಿ ಹೆಂಗಸು. ಕ್ವಾರ್ಟರ್ಸಿನಿಂದ ಬರುತ್ತಿದ್ದಳು, ಏಡಿ ಎಂದರೆ ಪ್ರಾಣ. ಒಂದು ದಿನ ದೊಡ್ಡ ದೊಡ್ಡ ಏಡಿ ಆರಿಸಿಕೊಂಡು ಖುಷಿಯಾಗಿ ಹೋದಳು. ಸಂಜೆಗೆ ಬೇಯಿಸಿದ ಏಡಿಗಳನ್ನೇ ತಟ್ಟೆಯಲ್ಲಿಟ್ಟುಕೊಂಡು ವಾಪಸ್ಸು ಬಂದಳು. ಒಂದೊಂದನ್ನೇ ನನ್ನೆದುರು ಮುರಿದಳು. ಒಳಗೆ ನೀರು ಬಿಟ್ಟರೆ ಏನೂ ಇಲ್ಲ. "ಖಾಲಿ! ಖಾಲಿ!" ಎಂದು ಕೂಗಿದಳು. ನನಗೆ ಹಿಂದಿ ಬರುವುದಿಲ್ಲ. ಆದರೆ ಅದೊಂದು ಮಾತು ಇಡೀ ಪೇಟೆಗೆ ಅರ್ಥವಾಯಿತು.

ನಾನು ಸಿಟ್ಟಿನಲ್ಲಿ ಗುಲಾಬಿಗೆ ಫೋನ್ ಮಾಡಿದೆ. ಗುಲಾಬಿ ಎಂದರೆ ಉಡುಪಿ ಕಡೆ ಹೊಳೆ ಸಮುದ್ರ ಸೇರುವ ಜಾಗದಲ್ಲಿರುವ ಹೆಂಗಸು. ಏಡಿ, ಚಿಪ್ಪು ಹಿಡಿದು ಕಳಿಸುವವಳು. ನಾವು ಒಬ್ಬರ ಮುಖ ಒಬ್ಬರು ನೋಡಿಲ್ಲ. ಫೋನಿನಲ್ಲೇ ಜಗಳ, ಫೋನಿನಲ್ಲೇ ರಾಜಿ.

"ಏನಮ್ಮ ಗುಲಾಬಿ, ಪೊಳ್ಳು ಏಡಿ ಕಳ್ಸಿ ನನ್ ಮಾನ ಕಳೀತೀಯಾ?"

"ಎಂತ ಮಾರಾಯ್ತಿ, ಹುಣ್ಣಿಮೆಗೆ ಏಡಿ ಕೇಳಿದ್ದು ಯಾರು? ನೀನೇ ಅಲ್ವಾ? ಹುಣ್ಣಿಮೆ ಏಡಿಯಲ್ಲಿ ಮಾಂಸ ಇರೂದಿಲ್ಲ, ಮಕ್ಕಳಿಗೂ ಗೊತ್ತುಂಟು."

"ನಮ್ಮೂರ್ ಮಕ್ಳಿಗೆ ಗೊತ್ತಿಲ್ಲ. ಚಂದ್ರಂಗೂ ಏಡಿಗೂ ಏನೇ ಸಂಬಂಧ?"

"ಅದನ್ನು ಅವನ ಹತ್ರ ಕೇಳು. ನಾನೇನು ಅವನ ಹೆಂಡತಿಯಾ?"

ಅವತ್ತಿನಿಂದ ನನ್ನ ಹಲಗೆಯ ಹಿಂದೆ ಗೋಡೆ ಕ್ಯಾಲೆಂಡರ್ ನೇತುಬಿತ್ತು. ಹುಣ್ಣಿಮೆಯ ಬಿಳಿ ಬೊಟ್ಟಿದ್ದ ವಾರ ಏಡಿ ಬೇಡ. ಆ ವಾರ ಬಂಗುಡೆಯೂ ಕಮ್ಮಿ ಬರುತ್ತದೆ. ಕತ್ತಲಿದ್ದರೆ ಮೀನಿನ ಹಿಂಡು ನೀರಿನಲ್ಲಿ ಮಿನುಗುವುದು ದೋಣಿಯವರಿಗೆ ಕಾಣುತ್ತದಂತೆ, ಬೆಳದಿಂಗಳಿದ್ದರೆ ಕಾಣುವುದಿಲ್ಲವಂತೆ. ಆದರೆ ಮರುವಾಯಿ ಚೆನ್ನಾಗಿ ಸಿಗುತ್ತದೆ. ಮರುವಾಯಿ ಎಂದರೆ ಮರಳಿನೊಳಗೆ ಹೂತುಕೊಂಡಿರುವ ಎರಡು ಬಾಗಿಲಿನ ಚಿಪ್ಪು, ಒಳಗೆ ಬೆರಳ ತುದಿಯಷ್ಟು ಮಾಂಸ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರು ಬಹಳ ದೂರ ಇಳಿಯುವುದರಿಂದ ಹೆಂಗಸರು ನಡೆದುಕೊಂಡೇ ಹೋಗಿ ಬಗೆದು ತರುತ್ತಾರೆ. ಅರ್ಧ ಚಂದ್ರ ಇದ್ದಾಗ ನೀರು ಸೋಮಾರಿ, ಹೋಗುವುದೂ ಇಲ್ಲ ಬರುವುದೂ ಇಲ್ಲ ಎನ್ನುವುದು ಗುಲಾಬಿಯ ಮಾತು. ಇಷ್ಟು ತಿಳಿದ ಮೇಲೆ ನನಗೆ ಎಲ್ಲ ತಿಳಿಯಿತು ಎಂದುಕೊಂಡೆ. ಅದು ದಡ್ಡತನ. ಹುಣ್ಣಿಮೆಗಳಲ್ಲೂ ಹತ್ತಿರದ್ದು, ದೂರದ್ದು ಎಂದು ಇರುತ್ತದೆ. ಅದನ್ನು ಕ್ಯಾಲೆಂಡರಿನವರು ಬರೆಯುವುದಿಲ್ಲ.

ಇದನ್ನು ಹೇಳಿದವರು ಪಾಟೀಲ ಮೇಷ್ಟ್ರು. ಬಾಗಲಕೋಟೆ ಕಡೆಯವರು, ಇಲ್ಲೊಂದು ಕಾಲೇಜಿನಲ್ಲಿ ವಿಜ್ಞಾನದ ಪಾಠ ಹೇಳುತ್ತಿದ್ದರು. ಮೊಟ್ಟೆ ಕೂಡ ಮುಟ್ಟದ ಜನ. ಆದರೆ ಅವರ ಮನೆಗೆ ಒಂದು ಬೆಕ್ಕು ಸೇರಿಕೊಂಡಿತ್ತು, ಅದಕ್ಕೆ ಮೀನು ಬೇಕಿತ್ತು. ದಿನಾ ಕಾಲೇಜು ಮುಗಿಸಿಕೊಂಡು ಬಂದು, ಅತ್ತ ಇತ್ತ ನೋಡಿ, ಮುಖವನ್ನು ಹೂವಿನ ಅಂಗಡಿಯ ಕಡೆ ತಿರುಗಿಸಿಕೊಂಡೇ ಕೇಳುತ್ತಿದ್ದರು: "ಯಕ್ಕಾ, ತಲಿ ಇದ್ರ ಒಂದಿಷ್ಟು ಕೊಡ್ರಿ. ಪೇಪರ್‌ನ್ಯಾಗ ಗಟ್ಟಿ ಸುತ್ತರಿ, ವಾಸನಿ ಬರಬಾರದು."

"ವಾಸ್ನೆ ಬರ್ದೇ ಇರೋ ಮೀನು ಬೇಕಂದ್ರೆ ಬದ್ನೆಕಾಯಿ ತಗೊಂಡ್ ಓಗಿ ಸಾ."

ಅವರಿಗೆ ಕೋಪ ಬರುತ್ತಿರಲಿಲ್ಲ. ಅದಕ್ಕೇ ಅವರನ್ನು ಕೇಳಿದೆ, ಚಂದ್ರನಿಗೂ ಸಮುದ್ರಕ್ಕೂ ಏನು ನಂಟು ಎಂದು. ಮೇಷ್ಟ್ರ ಮುಖ ಹಬ್ಬದ ಹಾಗಾಯಿತು. ಪಕ್ಕದ ಪೂಜೆ ಸಾಮಾನಿನ ಅಂಗಡಿಯಿಂದ ಒಂದು ತೆಂಗಿನಕಾಯಿ, ಒಂದು ನಿಂಬೆಹಣ್ಣು ತಂದರು. ತೆಂಗಿನಕಾಯನ್ನು ನನ್ನ ಹಲಗೆಯ ಮೇಲೆ ಬಂಗುಡೆಗಳ ಮಧ್ಯೆ ಇಟ್ಟರು. "ಇದು ಭೂಮಿ. ಈ ನಿಂಬಿಹಣ್ಣು ಚಂದ್ರಾಮ. ಎಷ್ಟು ದೂರ ಇಡ್ಲಿ ಹೇಳ್ರಿ?"

ನಾನು ಒಂದು ಮೊಳ ದೂರ ತೋರಿಸಿದೆ. ಮೇಷ್ಟ್ರು ನಿಂಬೆಹಣ್ಣು ಹಿಡಿದುಕೊಂಡು ಹಿಂದಕ್ಕೆ ಹಿಂದಕ್ಕೆ ಹೋದರು. ಹೂವಿನವಳನ್ನು ದಾಟಿ, ಕೋಳಿ ಅಂಗಡಿಯ ಬಾಗಿಲಿಗೆ ಹೋಗಿ ನಿಂತರು. ಕೋಳಿಯವನು ಗಿರಾಕಿ ಎಂದುಕೊಂಡು ಕತ್ತಿ ಎತ್ತಿದ.

"ಇಲ್ಲೆ!" ಎಂದು ಅಲ್ಲಿಂದಲೇ ಕೂಗಿದರು. "ಮೂವತ್ತು ತೆಂಗಿನಕಾಯಿ ಸಾಲಾಗಿ ಇಟ್ರ ಆಗೂವಷ್ಟು ದೂರ! ಅದೂ ಒಂದ ಕಡೆ ನಿಂದ್ರಂಗಿಲ್ರಿ. ಒಮ್ಮೆ ಇಪ್ಪತ್ತೆಂಟಕ್ಕ ಬರ್ತಾನ, ಒಮ್ಮೆ ಮೂವತ್ತೆರಡಕ್ಕ ಹೋಗ್ತಾನ. ತಿಂಗಳಾ ಹಂಗ, ಹತ್ರ, ದೂರ!"

ಎರಡು ಮೂರು ಗಿರಾಕಿಗಳು ನಿಂತು ನೋಡುತ್ತಿದ್ದರು. ಮೇಷ್ಟ್ರು ವಾಪಸ್ಸು ಬಂದು ವಿವರಿಸಿದರು. ಚಂದ್ರನ ಕಡೆ ಮುಖ ಮಾಡಿರುವ ನೀರನ್ನು ಅವನು ಜಾಸ್ತಿ ಎಳೆಯುತ್ತಾನೆ, ಹಿಂದಿನ ಮಗ್ಗುಲಿನದನ್ನು ಕಮ್ಮಿ ಎಳೆಯುತ್ತಾನೆ. ಆ ಹೆಚ್ಚುಕಮ್ಮಿಯಿಂದ ಸಮುದ್ರ ಎರಡು ಕಡೆ ಉಬ್ಬುತ್ತದೆ, ನಡುವೆ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯನೂ ಅದೇ ಸಾಲಿನಲ್ಲಿ ನಿಂತು ಕೈಜೋಡಿಸುತ್ತಾನೆ. ಅದೇ ಹೊತ್ತಿಗೆ ಚಂದ್ರ ಹತ್ತಿರವೂ ಬಂದಿದ್ದರೆ ಏರಿದ್ದು ಇನ್ನೂ ಏರುತ್ತದೆ, ಇಳಿದದ್ದು ಇನ್ನೂ ಇಳಿಯುತ್ತದೆ.

"ಹಂಗಾದ್ರೆ ನಮ್ ಯಲಂಕ ಕೆರೆ ಯಾಕ್ ಏಳಲ್ಲ ಸಾ?"

"ಛಲೋ ಕೇಳಿದ್ರಿ! ಕೆರಿ ಸಣ್ಣದು. ಈ ದಂಡಿಗೂ ಆ ದಂಡಿಗೂ ಚಂದ್ರಾಮ ಅಷ್ಟ ದೂರ. ಎಲ್ಲಾ ನೀರನ್ನ ಒಂದ ಸಮ ಎಳೀತಾನ. ಹೆಚ್ಚುಕಮ್ಮಿ ಇಲ್ಲಂದ ಮ್ಯಾಲೆ ಉಬ್ಬೂದು ಎಲ್ಲಿಂದ?"

ಏಡಿ ಯಾಕೆ ಪೊಳ್ಳಾಗುತ್ತದೆ ಎಂದು ಕೇಳಿದೆ. ಮೇಷ್ಟ್ರು ತಲೆ ಕೆರೆದುಕೊಂಡರು. ಏಡಿ ಬೆಳೆಯಬೇಕಾದರೆ ಹಳೇ ಚಿಪ್ಪು ಕಳಚಿ ಹೊಸದು ಹಾಕಿಕೊಳ್ಳುತ್ತದೆ, ಹೊಸ ಚಿಪ್ಪಿನೊಳಗೆ ಮೈ ತುಂಬಲು ದಿನ ಹಿಡಿಯುತ್ತದೆ. ಕೆಲವು ಜಾತಿಯವು ಅದಕ್ಕೆ ಚಂದ್ರನ ಹೊತ್ತು ನೋಡಿಕೊಳ್ಳುತ್ತವೆ ಎನ್ನುತ್ತಾರೆ, ನಿಮ್ಮ ಏಡಿ ಹಾಗೆ ಮಾಡುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದು ಹೇಳುವ ಮೇಷ್ಟ್ರನ್ನು ನಾನು ಅವತ್ತೇ ನೋಡಿದ್ದು. ಒಂದು ತಲೆ ಜಾಸ್ತಿ ಸುತ್ತಿ ಕೊಟ್ಟೆ.

ಹೋಗುವಾಗ ಇನ್ನೊಂದು ಮಾತು ಹೇಳಿದರು. ಚಂದ್ರ ವರ್ಷ ವರ್ಷ ಸ್ವಲ್ಪ ಸ್ವಲ್ಪ ದೂರ ಸರಿಯುತ್ತಿದ್ದಾನಂತೆ, ನಮ್ಮ ಉಗುರು ಬೆಳೆಯುವಷ್ಟು ನಿಧಾನವಾಗಿ. ಬಹಳ ಹಿಂದೆ, ಮನುಷ್ಯರೇ ಇಲ್ಲದ ಕಾಲಕ್ಕೆ, ತೀರಾ ಹತ್ತಿರ ಇದ್ದನಂತೆ. ಆಗ ಸಮುದ್ರದ ಏರಿಳಿತ ಭಯಂಕರ, ದಿನವೂ ಚಿಕ್ಕದು. ದೂರ ಹೋದಂತೆಲ್ಲ ದಿನ ಉದ್ದವಾಯಿತಂತೆ. "ಒಳ್ಳೇದೇ ಆಯ್ತು ಬಿಡಿ" ಎಂದೆ. "ಅಷ್ಟು ಚಿಕ್ ದಿನ್ದಲ್ಲಿ ಯಾವ ಮೀನ್ ಕುಯ್ಯೋದು, ಯಾವ್ ಅಡ್ಗೆ ಮಾಡೋದು."

ಈಗ ಅಂಜಿನಪ್ಪನ ಕಥೆಗೆ ಬರುತ್ತೇನೆ. ಹುಡುಗಿಯರೇ, ಇದನ್ನು ಸರಿಯಾಗಿ ಓದಿ. ದೊಡ್ಡ ಆರ್ಡರ್ ಬಂದಾಗ ಏನೇನು ಕೆಡಬಹುದೋ ಅಷ್ಟೂ ಇದರಲ್ಲಿದೆ.

ಅಂಜಿನಪ್ಪ ಬಾಗಲೂರಿನವನು. ಅಪ್ಪನ ಕಾಲದಲ್ಲಿ ರಾಗಿ ಹೊಲ, ಇವನ ಕಾಲದಲ್ಲಿ ಅಪಾರ್ಟ್‌ಮೆಂಟು. ಮಗನ ಮದುವೆ ಆಗಿತ್ತು. ಸೊಸೆ ಶ್ರಾವ್ಯ ಮಂಗಳೂರು ಕಡೆಯ ಹುಡುಗಿ, ಪ್ರೀತಿಸಿ ಮದುವೆಯಾದದ್ದು. ಮದುವೆಯಾದ ಮೇಲೆ ಹೆಣ್ಣಿನ ಕಡೆಯವರನ್ನು ಕರೆದು ಮಾಂಸದೂಟ ಹಾಕುವುದು ನಮ್ಮ ಕಡೆಯ ಪದ್ಧತಿ, ಬೀಗರೂಟ. ಅದರಲ್ಲಿ ಮರ್ಯಾದೆ ಉಳಿದರೆ ಉಳಿಯಿತು. ಅಂಜಿನಪ್ಪ ಕಾರಿನಿಂದ ಇಳಿಯದೆ ಕಿಟಕಿಯಿಂದಲೇ ಹೇಳಿದ: "ಮುನಿಯಕ್ಕ, ಬೀಗ್ರು ಸಮುದ್ರದೋರು. ಕುರಿ ಕೋಳಿ ಎಲ್ಲಾ ಐತೆ. ಜೊತೇಗೆ ಏಡಿ ಬೇಕು. ಒಂದೊಂದೂ ಅಂಗೈ ಅಗ್ಲ ಇರ್ಬೇಕು."

ದಿನ ಕೇಳಿದೆ. ಹುಣ್ಣಿಮೆಯ ಮಾರನೇ ದಿನ.

"ಏಡಿ ಆಗಕಿಲ್ಲ. ಪೊಳ್ಳಿರ್ತವೆ. ಬೀಗ್ರಿಗೆ ಚಿಪ್ ಕಡ್ಸಿ ಕಳಿಸ್ತೀಯಾ?"

"ದುಡ್ ಎಷ್ಟಾದ್ರೂ ಆಗ್ಲಿ ಕಣಕ್ಕ."

"ದುಡ್ ಕೊಟ್ರೆ ಏಡಿ ಊದ್ಕೊಳ್ಳಲ್ಲ ಕಣಪ್ಪ. ಓಗ್, ನಿನ್ ಸೊಸೇನ ಕಳ್ಸು."

ಶ್ರಾವ್ಯ ಬಂದಳು. ನನ್ನ ಹಲಗೆಯ ಮುಂದೆ ಮೂಗು ಮುಚ್ಚಿಕೊಳ್ಳದೆ ನಿಂತ ಹುಡುಗಿ. ಅದಕ್ಕೇ ನನಗೆ ಹಿಡಿಸಿದಳು. ಅವಳ ಅಜ್ಜಿ ಮದುವೆಗೆ ಬಂದಿರಲಿಲ್ಲ. ಘಟ್ಟದ ಮೇಲಿನವರಿಗೆ ಹೆಣ್ಣು ಕೊಟ್ಟದ್ದಕ್ಕೆ ಸಿಟ್ಟು. ತಾಯಿ ಇಲ್ಲದ ಶ್ರಾವ್ಯಳನ್ನು ಬೆಳೆಸಿದವಳು ಆ ಅಜ್ಜಿ. ಬೀಗರೂಟಕ್ಕೆ ಬರುತ್ತೇನೆ ಎಂದಿದ್ದಳು, ಆದರೆ ಊಟ ಮಾಡುವುದಿಲ್ಲ ಎಂದೂ ಹೇಳಿದ್ದಳು. ಬೀಗರ ಮನೆಗೆ ಬಂದು ಊಟ ಮಾಡದೆ ಎದ್ದುಹೋದರೆ ಸಂಬಂಧ ಮುರಿದ ಹಾಗೆ. ಇಲ್ಲಿಯೂ ಹಾಗೆಯೇ, ಅಲ್ಲಿಯೂ ಹಾಗೆಯೇ.

"ಅಜ್ಜಿ ಎಂತದಕ್ಕೂ ಬಗ್ಗುವುದಿಲ್ಲ" ಎಂದಳು. "ಆದ್ರೆ ಮರುವಾಯಿ ಕಂಡ್ರೆ ಮಾತ್ರ... ಒಮ್ಮೆ ನೋಡಿ ಅಮ್ಮ."

ಗುಲಾಬಿಗೆ ಫೋನ್ ಹಾಕಿದೆ. ಅವಳು ಕೇಳಿದ ತಕ್ಷಣ ಹೇಳಿದಳು: "ಆ ಹುಣ್ಣಿಮೆಗಾ? ಧಾರಾಳ ಸಿಗ್ತದೆ. ಆ ಸಲ ಚಂದ್ರ ಹತ್ತಿರ ಉಂಟಂತೆ. ಬೇರೆ ದಿನ ತಲೆ ಎತ್ತದ ದಿಬ್ಬ ಎಲ್ಲ ಮೇಲೆ ಬರ್ತದೆ. ಆದ್ರೆ ದೂರ ಹೋದ ನೀರು ಅಷ್ಟೇ ಜೋರಾಗಿ ವಾಪಸ್ ಬರ್ತದೆ ಮಾರಾಯ್ತಿ, ಆಸೆ ಮಾಡಿಕೊಂಡು ಅಲ್ಲೇ ಕೂತ್ರೆ ನಮ್ಮನ್ನೇ ಮರುವಾಯಿ ತಿಂತದೆ. ಸಂಜೆ ಬಗೆದು ರಾತ್ರಿ ಬಸ್ಸಿಗೆ ಹಾಕ್ತೇನೆ."

ಎಲ್ಲ ಸರಿಯಾಯಿತು ಎಂದುಕೊಂಡಾಗ ಟೀವಿಯವರು ಕೆಡಿಸಿದರು. ಚಂದ್ರ ಭೂಮಿಯ ಹತ್ತಿರ ಬರುತ್ತಿದ್ದಾನೆ, ಸಮುದ್ರ ಉಕ್ಕುತ್ತದಾ, ಭೂಮಿ ನಡುಗುತ್ತದಾ, ಯಾವ ರಾಶಿಯವರಿಗೆ ಗಂಡಾಂತರ ಎಂದು ಬೆಳಗಿನಿಂದ ಸಂಜೆಯವರೆಗೆ ಕೆಂಪು ಅಕ್ಷರದಲ್ಲಿ ಓಡಿಸಿದರು. ನನ್ನ ಹಲಗೆಗೆ ನೊಣ ಬಿಟ್ಟರೆ ಯಾರೂ ಬರಲಿಲ್ಲ. ಅಂಜಿನಪ್ಪ ಫೋನ್ ಮಾಡಿದ. ಅವನ ತಾಯಿ ಅಕ್ಕಯ್ಯಮ್ಮ ಅಪ್ಪಣೆ ಹೊರಡಿಸಿದ್ದಳು: ಚಂದ್ರ ಹತ್ತಿರ ಇರುವಾಗ ಸಮುದ್ರದ್ದು ಏನೂ ಈ ಮನೆಯೊಳಗೆ ಬೇಯಬಾರದು.

ನಾನೇ ಬಾಗಲೂರಿಗೆ ಹೋದೆ. ಅಕ್ಕಯ್ಯಮ್ಮ ಜಗಲಿಯ ಮೇಲೆ ಕೂತು ನೀರಿನ ಬಿಂದಿಗೆ, ಉಪ್ಪಿನಕಾಯಿ ಜಾಡಿ ಎಲ್ಲದರ ಮೇಲೂ ಗರಿಕೆ ಹಾಕಿಸುತ್ತಿದ್ದಳು.

"ಅಕ್ಕಯ್ಯಮ್ಮ, ಗರಿಕೆ ಆಕಕ್ಕೆ ಇದೇನ್ ಗ್ರಹಣಾನಾ?"

"ಗ್ರಹಣಕ್ಕಿಂತ ಜೋರು ಕಣೆ. ಟೀವೀಲಿ ತೋರಿಸ್ತಾವ್ರೆ, ಇಷ್ಟ್ ದಪ್ಪ ಆಗವ್ನೆ."

ನಾನು ಮೇಷ್ಟ್ರ ಹಾಗೆ ಅವರ ಅಡುಗೆಮನೆಯ ತೆಂಗಿನಕಾಯಿ ತಂದೆ, ನಿಂಬೆಹಣ್ಣು ತಂದೆ. ಅಂಗಳದ ಆ ತುದಿಗೆ ಹೋಗಿ ನಿಂತೆ. ಮೂವತ್ತು, ಇಪ್ಪತ್ತೆಂಟು ಎಲ್ಲ ಹೇಳಿದೆ. ನನಗೇ ನನ್ನ ಬಗ್ಗೆ ಹೆಮ್ಮೆಯಾಯಿತು.

ಅಕ್ಕಯ್ಯಮ್ಮ ಪೂರ್ತಿ ಕೇಳಿದಳು. "ಮೂವತ್ತರಿಂದ ಇಪ್ಪತ್ತೆಂಟಕ್ಕೆ ಬಂದ ಅಂದ್ರೆ ಅತ್ರ ಬಂದಂಗೇ ತಾನೆ?"

"ಊಂ, ಆದ್ರೆ..."

"ನಾನೂ ಅದೇ ಏಳ್ತಿರೋದು. ತೆಂಗಿನ್‌ಕಾಯ್ ಒಳೀಕ್ ಮಡಗು."

ಸೋತು ಬಂದೆ. ಕೊನೆಗೆ ಅಂಜಿನಪ್ಪನೇ ಒಂದು ದಾರಿ ಹುಡುಕಿದ. ಮನೆಯೊಳಗೆ ಬೇಯಬಾರದು ಎಂದರೆ ಮನೆಯ ಹೊರಗೆ ಬೇಯಲಿ. ಹಿತ್ತಿಲಿನಲ್ಲಿ ಹಸು ಕಟ್ಟುತ್ತಿದ್ದ ಕೊಟ್ಟಿಗೆ ಖಾಲಿ ಇತ್ತು. ಅಲ್ಲೊಂದು ಒಲೆ. ಅಕ್ಕಯ್ಯಮ್ಮ, "ಕೊಟ್ಗೇಲಿ ಏನಾರ ಮಾಡ್ಕಳಿ, ನಾನ್ ಮಾತ್ರ ಮುಟ್ಟಕಿಲ್ಲ" ಎಂದಳು.

ಬೀಗರೂಟದ ದಿನ ಬೆಳಿಗ್ಗೆ ಮರುವಾಯಿಯ ಚೀಲಗಳು ಯಶವಂತಪುರದಲ್ಲಿ ಇಳಿದವು. ಅಂಜಿನಪ್ಪನ ಡ್ರೈವರು ನೇರ ಬಾಗಲೂರಿಗೆ ಒಯ್ದ. ನಾನು ಹಲಗೆ ಕೆಲಸ ಮುಗಿಸಿ ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಕೊಟ್ಟಿಗೆಗೆ ಹೋದರೆ ಚೀಲಗಳು ಖಾಲಿ.

"ಮರುವಾಯಿ ಎಲ್ಲಪ್ಪ?"

ಅಂಜಿನಪ್ಪ ಹೆಮ್ಮೆಯಿಂದ ಹಸುಗಳ ನೀರಿನ ತೊಟ್ಟಿ ತೋರಿಸಿದ. "ಜೀವಂತ ಅವೆ ಕಣಕ್ಕ. ಬಸ್‌ನಲ್ಲಿ ಬಂದು ಒಣಗೋಗಿದ್ವು. ಬೋರ್‌ವೆಲ್ ನೀರ್ ತುಂಬ್ಸಿ ಬಿಟ್ಟಿದೀನಿ. ಪಾಪ, ಕುಡ್ಕಳ್ಲಿ."

ನಮ್ಮ ಜನರ ಬುದ್ಧಿಯೇ ಇಷ್ಟು. ನೀರಿನಿಂದ ಬಂದದ್ದನ್ನೆಲ್ಲ ಯಾವುದಾದರೂ ನೀರಿಗೆ ಹಾಕಿಬಿಡುವುದು. ಗುಲಾಬಿ ನನಗೆ ಮೊದಲ ದಿನವೇ ಹೇಳಿದ್ದಳು, ಸಿಹಿನೀರು ಮರುವಾಯಿಗೆ ವಿಷ ಎಂದು. ಸಮುದ್ರದಂಥ ಉಪ್ಪುನೀರಿನಲ್ಲಿ ಬಿಟ್ಟರೆ ಬಾಯಿ ತೆರೆದು ಹೊಟ್ಟೆಯ ಮರಳು ಉಗುಳುತ್ತವೆ. ಸಿಹಿನೀರಿಗೆ ಹಾಕಿದರೆ ಬಾಗಿಲು ಬಿಗಿದುಕೊಂಡು ಮರಳಿನ ಸಮೇತ ಸಾಯುತ್ತವೆ. ಮರಳಿನ ಮರುವಾಯಿ ಬೇಯಿಸಿ ಆ ಅಜ್ಜಿಗೆ ಬಡಿಸಿದರೆ, ಒಂದು ತುತ್ತು ಕಚ್ಚಿ ಎದ್ದು ಹೋಗುತ್ತಾಳೆ. ತೊಟ್ಟಿಯಲ್ಲಿ ಕೈ ಹಾಕಿದೆ. ಒಂದೊಂದೂ ಬೀಗ ಹಾಕಿದ ಹಾಗೆ ಮುಚ್ಚಿಕೊಂಡಿದ್ದವು.

"ನೀರ್ ಚೆಲ್ಲಿ! ಕಲ್ಲುಪ್ಪು ತನ್ನಿ!"

ಹೊಸ ನೀರು ಹಿಡಿದು ಉಪ್ಪು ಸುರಿದದ್ದಾಯಿತು. ಎಷ್ಟು ಹಾಕಬೇಕು? ಸಾರಿಗೆ ಎಷ್ಟು ಎಂದು ಗೊತ್ತು. ಸಮುದ್ರಕ್ಕೆ ಎಷ್ಟು ಎಂದು ಅಲ್ಲಿದ್ದ ಯಾರಿಗೆ ಗೊತ್ತು? ಶ್ರಾವ್ಯಳನ್ನು ಕೂಗಿದೆ. ರೇಷ್ಮೆ ಸೀರೆ, ಮೈತುಂಬ ಒಡವೆ. ಹಾಗೇ ಓಡಿ ಬಂದು ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಸಾಲದು."

ಇನ್ನೊಂದಿಷ್ಟು ಹಾಕಿದೆವು.

"ಇನ್ನೂ ಸಾಲದು. ಇದು ಮಳೆಗಾಲದ ಹೊಳೆ ನೀರಾಯ್ತು."

ಮತ್ತೆ ಹಾಕಿದೆವು. ಮತ್ತೆ ಬೆರಳು. ಅಂಜಿನಪ್ಪ ಊರವರಿಗೆಲ್ಲ ನಮಸ್ಕಾರ ಹಾಕುವುದು ಬಿಟ್ಟು ಉಪ್ಪಿನ ಮೂಟೆ ಹಿಡಿದು ನಿಂತಿದ್ದ. ಈ ಸಲ ಹುಡುಗಿ ಕಣ್ಣು ಮುಚ್ಚಿ ನೆಕ್ಕಿದಳು. "ಈಗ... ಹತ್ರ ಹತ್ರ."

"ಎಂತ ಹತ್ರ? ಉಪ್ಪು ಜಾಸ್ತಿ ಆಯ್ತು."

ಹಿಂದೆ ತಿರುಗಿದರೆ ಅಜ್ಜಿ. ಕಡ್ಡಿಯಂಥ ಹೆಂಗಸು, ಬಿಳಿ ತಲೆ, ಕಿವಿಯಲ್ಲಿ ಹಳೇ ಓಲೆ. ಬೆಳಿಗ್ಗೆ ಬಂದವಳು ಜಗಲಿಯ ಮೇಲೆ ನೀರನ್ನೂ ಮುಟ್ಟದೆ ಕೂತಿದ್ದಳಂತೆ. ಉಪ್ಪಿನ ಗಲಾಟೆ ಕೇಳಿ ಎದ್ದು ಬಂದಿದ್ದಳು. ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು, ತಾನೂ ರುಚಿ ನೋಡಿದಳು, ಒಂದು ಬಿಂದಿಗೆ ನೀರು ತರಿಸಿ ಸುರಿದಳು. "ಇನ್ನು ಯಾರೂ ಕೈ ಹಾಕ್ಬೇಡಿ. ಸದ್ದು ಮಾಡ್ಬೇಡಿ."

ಊಟದ ಹೊತ್ತು ಹತ್ತಿರವಾಗುತ್ತಿತ್ತು. ಶಾಮಿಯಾನದಲ್ಲಿ ಎಲೆ ಹಾಕುತ್ತಿದ್ದರು. ಕೊಟ್ಟಿಗೆಯಲ್ಲಿ ನಾವೆಲ್ಲ ತೊಟ್ಟಿ ನೋಡುತ್ತ ಕೂತೆವು. ಯಾವುದೂ ಅಲ್ಲಾಡಲಿಲ್ಲ. ಅಂಜಿನಪ್ಪ ಮೆಲ್ಲಗೆ, "ಸತ್ ಓದ್ವಾ?" ಎಂದ. ಅಜ್ಜಿ ಅವನ ಕಡೆ ನೋಡಿದ ನೋಟಕ್ಕೆ ಅವನೇ ಬಾಯಿ ಮುಚ್ಚಿಕೊಂಡ.

ಆಮೇಲೆ ಒಂದು ಚಿಪ್ಪು ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಒಂದು ಸಣ್ಣ ಬಿಳಿ ನಾಲಿಗೆ ಹೊರಗೆ ಬಂತು. ಪಕ್ಕದ್ದು, ಅದರ ಪಕ್ಕದ್ದು. ನೋಡುತ್ತಿದ್ದಂತೆ ಇಡೀ ತೊಟ್ಟಿ ನಾಲಿಗೆ ಚಾಚಿ ಪಿಚಕ್ ಪಿಚಕ್ ಎಂದು ನೀರು ಉಗುಳತೊಡಗಿತು. ತೊಟ್ಟಿಯ ತಳಕ್ಕೆ ಮರಳು ಇಳಿಯಿತು. ಒಂದು ನೇರವಾಗಿ ಅಂಜಿನಪ್ಪನ ರೇಷ್ಮೆ ಪಂಚೆಗೆ ಉಗುಳಿತು.

ಅಜ್ಜಿ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದಳು. "ಈಗ ನಮ್ಮಲ್ಲಿ ನೀರು ಭರ್ತಿ ಆಗುವ ಹೊತ್ತು. ಇವಕ್ಕೆ ಗೊತ್ತುಂಟು." ಉಪ್ಪಿಗೆ ತೆರೆದವೋ, ಊರಿನ ನೀರನ್ನು ನೆನಪಿಸಿಕೊಂಡು ತೆರೆದವೋ, ನಾನು ವಾದ ಮಾಡಲಿಲ್ಲ. ಆಮೇಲೆ ಮೇಷ್ಟ್ರನ್ನು ಕೇಳಿದಾಗಲೂ ಅವರು ತಲೆ ಕೆರೆದುಕೊಂಡರು.

ಅಜ್ಜಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ತೆಂಗಿನಕಾಯಿ ತುರಿದು ಕೊಡಿ. ನಿಮ್ಮ ಅಡುಗೆಯವರು ಇದಕ್ಕೆ ಕೈ ಹಾಕಿದ್ರೆ ನಾನು ಈಗಲೇ ಬಸ್ಸು ಹತ್ತುತ್ತೇನೆ."

ಬೀಗರ ಕೈಯಲ್ಲಿ ಬೀಗರೂಟದ ಅಡುಗೆ! ಸುದ್ದಿ ಕೇಳಿ ಅಕ್ಕಯ್ಯಮ್ಮ ದೊಣ್ಣೆ ಊರಿಕೊಂಡು ಹಿತ್ತಿಲಿಗೆ ಬಂದಳು. "ಏನಮ್ಮ, ಬೀಗ್ರನ್ನ ಒಲೆ ಮುಂದೆ ಕೂರ್ಸಿದ್ರೆ ಊರೋರು ನನ್ ಮಕಕ್ಕೆ ಉಗಿಯಾಕಿಲ್ವಾ? ಏಳಮ್ಮ ಮ್ಯಾಕೆ."

"ಏಳುವುದಿಲ್ಲ" ಎಂದಳು ಅಜ್ಜಿ, ಸೌಟು ಬಿಡದೆ. "ನೀವು ಇದನ್ನು ಮುಟ್ಟುವುದಿಲ್ಲವಂತೆ. ಯಾಕೆ, ನಾವು ತಿನ್ನುವುದು ತಿನ್ನುವಂಥದ್ದಲ್ವಾ? ಹಾಗಾದ್ರೆ ನಮ್ಮ ಮಗು ಈ ಮನೆಯಲ್ಲಿ ಎಂತ ತಿಂದು ಬದುಕುವುದು?"

ಶ್ರಾವ್ಯ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಅಕ್ಕಯ್ಯಮ್ಮ ದೊಣ್ಣೆಯನ್ನು ಗೋಡೆಗೆ ಒರಗಿಸಿದಳು. "ನಿಮ್ ತಿಂಡಿಗಲ್ಲ ಕಣಮ್ಮ ನಾನ್ ಅಂದಿದ್ದು" ಎಂದಳು. "ಚಂದ್ರ ಅತ್ರ ಬಂದವ್ನೆ ಅಂತ."

"ಹತ್ತಿರ ಬಂದ ಕಾರಣಕ್ಕೇ ಇಷ್ಟು ಸಿಕ್ಕಿದ್ದು. ನೀವು ತಿಂದ್ರೆ ನಾನು ತಿಂತೇನೆ. ಇಲ್ಲದಿದ್ರೆ ಇಬ್ಬರೂ ಉಪವಾಸ ಕೂರುವ."

ಕೊಟ್ಟಿಗೆಯಲ್ಲೇ ಎರಡು ಎಲೆ ಹಾಕಿಸಿದೆ. ಕಾಯಿತುರಿಯಲ್ಲಿ ಹುರಿದ ಮರುವಾಯಿ ಬಿತ್ತು, ಪಕ್ಕದಲ್ಲಿ ಮುದ್ದೆ ಬಿತ್ತು. ಅಕ್ಕಯ್ಯಮ್ಮ ಚಿಪ್ಪು ಹೇಗೆ ತಿನ್ನುವುದೆಂದು ತಿಳಿಯದೆ ಹಾಗೇ ಬಾಯಿಗೆ ಹಾಕಿಕೊಳ್ಳಲು ಹೋದಳು. ಅಜ್ಜಿ ಕೈ ಹಿಡಿದು ನಿಲ್ಲಿಸಿ ಮಾಂಸವನ್ನು ಬಿಡಿಸಿ ಎಲೆಗೆ ಹಾಕಿದಳು. ಅಕ್ಕಯ್ಯಮ್ಮ ಕಣ್ಣು ಮುಚ್ಚಿಕೊಂಡು ನುಂಗಿದಳು, ಔಷಧಿ ಕುಡಿದ ಹಾಗೆ. ಕಣ್ಣು ಬಿಟ್ಟಳು. ಭೂಮಿ ನಡುಗಲಿಲ್ಲ. ಇನ್ನೊಂದು ಬಿಡಿಸಿಕೊಂಡಳು. ಆಗ ಅಜ್ಜಿ ತನ್ನ ಎಲೆಯ ಮುಂದೆ ಕೂತು ಮುದ್ದೆ ಮುರಿದಳು. ಅಗಿಯಬಾರದು, ನುಂಗಬೇಕು ಎಂದು ಅವಳಿಗೆ ಹೇಳಿಕೊಡಬೇಕಾಯಿತು.

ಇಬ್ಬರೂ ತಿನ್ನುತ್ತ ಹೋದರು. ಚಿಪ್ಪಿನ ಎರಡು ಗುಡ್ಡೆ ಬೆಳೆದವು. ಅಕ್ಕಯ್ಯಮ್ಮನದು ಸ್ವಲ್ಪ ದೊಡ್ಡದಿತ್ತು. ಅವಳು ಕೊನೆಯ ಚಿಪ್ಪನ್ನು ನೆಕ್ಕಿ ಗುಡ್ಡೆಯ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಮುನಿಯಮ್ಮ, ಅವ್ನು ಇನ್ನ್ ಯಾವಾಗ ಅತ್ರ ಬತ್ತಾನಂತೆ?"